ಜೀವಾಳಿಯ ನಾದವೂ ಡ್ಯಾಕಿನ ಬೆಲೆಯೂ

ಅಂಕಿಗಳ ರೂಪದಲ್ಲಿ ಸಂಗ್ರಹವಾಗಿರುವ ಗಾಯನವನ್ನು ವಿದ್ಯುತ್ತರಂಗವಾಗಿ ಮಾರ್ಪಡಿಸಿ ಮುಂದಿನ ಆಂಪ್ಲಿಫೈಯರಿಗೆ ಒಪ್ಪಿಸುವ, ರಸಿಕರ ಬಾಯಲ್ಲಿ ‘ಡ್ಯಾಕ್’ ಎನಿಸಿಕೊಂಡಿರುವ ಪುಟ್ಟ ಪರಿವರ್ತಕವು ಒಂದೆರಡು ಸಾವಿರ ರೂಪಾಯಿಗೂ ದೊರೆಯುತ್ತದೆ, ಹಲವು ಲಕ್ಷಕ್ಕೂ ದೊರೆಯುತ್ತದೆ. ಮಲ್ಲಿಕಾರ್ಜುನ ಮನಸೂರರ ಗಾಯನವನ್ನೂ ಗಂಗೂಬಾಯಿ ಹಾನಗಲ್ಲರ ಗಂಭೀರ ಷಡ್ಜವನ್ನೂ ಮನೆಯೊಳಗೆ ಮತ್ತೆ ಬರಮಾಡಿಕೊಳ್ಳಬೇಕೆಂಬ ಹಂಬಲದಿಂದ ಹುಬ್ಬಳ್ಳಿ-ಧಾರವಾಡದ ಶ್ರೋತೃವು ಲಕ್ಷದ ಯಂತ್ರಕ್ಕೆ ಮನಸ್ಸು ಮಾಡುವಾಗ, ಆ ಹಂಬಲವನ್ನು ಪೂರ್ಣವಾಗಿ ಗೌರವಿಸುತ್ತಲೇ, ಹೆಚ್ಚಿನ ಬೆಲೆಗೆ ಹೆಚ್ಚಿನ ನಾದವು ದೊರೆಯುವುದುಂಟೆ ಎಂದು ವಿಚಾರಿಸುವುದು ವಿಮರ್ಶಕನ ಕರ್ತವ್ಯವಾಗುತ್ತದೆ.

ಈ ವಿಚಾರಣೆಗೆ ತಂಬೂರಿಗಿಂತ ಕಠಿನವಾದ ಒರೆಗಲ್ಲು ನಮ್ಮ ಸಂಗೀತದಲ್ಲಿಲ್ಲ. ಕುದುರೆಯ ಮೇಲೆ ತಂತಿಯ ಕೆಳಗೆ ಜೀವಾಳಿಯ ನೂಲನ್ನು ಕೂದಲೆಳೆಯಷ್ಟು ಸರಿಸಿದೊಡನೆ, ಒಂದೇ ತಂತಿಯಿಂದ ಅನೇಕ ಉಪಸ್ವರಗಳು ಒಂದರ ಮೇಲೊಂದು ಅರಳುತ್ತವೆ. ಇದಕ್ಕೆ ಆ ವಕ್ರಾಕಾರದ ಕುದುರೆಯೇ ಕಾರಣವೆಂಬುದನ್ನು ಸಿ. ವಿ. ರಾಮನ್ನರು 1921ರಷ್ಟು ಹಿಂದೆಯೇ ತೋರಿಸಿದ್ದರು. ಇಷ್ಟು ಸೂಕ್ಷ್ಮವಾದ ನಾದವನ್ನು ಅಗ್ಗದ ಯಂತ್ರವು ಒರಟುಗೊಳಿಸದೆ ಬಿಟ್ಟೀತೆ ಎಂಬ ಶಂಕೆ ಸಹಜವಾದುದೇ. ಆದರೆ ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ 44,100 ಬಾರಿ ಅಳೆದು 16 ಬಿಟ್ಟುಗಳಲ್ಲಿ ಬರೆದಿಟ್ಟ ಅಂಕಿಗಳಿಂದ, ಸೆಕೆಂಡಿಗೆ 22,050 ಕಂಪನಗಳಿಗಿಂತ ಕೆಳಗಿನ ತರಂಗವನ್ನೆಲ್ಲ ಮತ್ತೆ ಅಖಂಡವಾಗಿಯೇ ಕಟ್ಟಬಹುದೆಂಬುದು ಗಣಿತದಿಂದ ಸಿದ್ಧವಾದ ಸಂಗತಿ. ಮೆಟ್ಟಿಲು ಮೆಟ್ಟಿಲಾಗಿ ತುಂಡಾದ ನಾದವು ಹೊರಬರುವುದೆಂಬ ಜನಪ್ರಿಯ ಕಲ್ಪನೆಗೆ ಆಧಾರವಿಲ್ಲ. ಮನುಷ್ಯನ ಕಿವಿಯ ಮೇಲಿನ ಮಿತಿಯಾದರೋ ಇಪ್ಪತ್ತು ಸಾವಿರ ಕಂಪನಗಳು, ಅದೂ ಯೌವನದಲ್ಲಿ. ಇಂದು ಮೊಬೈಲಿಗೆ ಸಿಕ್ಕಿಸುವ ಬೆರಳುದ್ದದ ಒಳ್ಳೆಯ ಪರಿವರ್ತಕವೊಂದರ ಗೊರಗೊರವೂ ವಿಕೃತಿಯೂ, ಸಾಮಾನ್ಯವಾಗಿ ಕೇಳುವ ಮಟ್ಟದಲ್ಲಿ, ಶ್ರವಣದ ಹೊಸ್ತಿಲಿಗಿಂತ ಕೆಳಗೇ ಉಳಿಯುತ್ತವೆ.

ಅಮೆರಿಕದ ಬಾಸ್ಟನ್ನಿನಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ನಡೆಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಈ ವಿಚಾರಣೆಗೆ ಸಮೀಪವಾದುದು. ಉನ್ನತ ಮಾನದ ಧ್ವನಿಯನ್ನು ಒಮ್ಮೆ ನೇರವಾಗಿಯೂ ಒಮ್ಮೆ ಸಿ.ಡಿ.ಯ ಮಾನಕ್ಕೆ ಇಳಿಸಿಯೂ, ಯಾವುದು ಯಾವುದೆಂದು ತಿಳಿಸದೆ ಕೇಳಿಸಿದಾಗ, 554 ಪ್ರಯೋಗಗಳಲ್ಲಿ ಶ್ರೋತೃಗಳ ಉತ್ತರವು ನಾಣ್ಯ ಚಿಮ್ಮಿದಷ್ಟೇ ಸರಿಯಾಗಿತ್ತು. ಅಂಗಡಿಯಲ್ಲಿ ಕುಳಿತು ಎರಡು ಯಂತ್ರಗಳನ್ನು ಹೋಲಿಸುವವನಿಗೆ ಭೇದವು ಸ್ಪಷ್ಟವಾಗಿ ಕೇಳುವುದೇಕೆಂದರೆ, ಒಂದರ ಧ್ವನಿ ಇನ್ನೊಂದಕ್ಕಿಂತ ಡೆಸಿಬೆಲ್ಲಿನ ಅಲ್ಪಾಂಶದಷ್ಟು ಹೆಚ್ಚಾಗಿದ್ದರೂ ಅದು ಜೋರಾಗಿ ತೋರದೆ ತುಂಬಿದ ನಾದವಾಗಿ ತೋರುತ್ತದೆ. ಜೊತೆಗೆ ಬೆಲೆಯ ಅರಿವು ಕಿವಿಗೆ ಮುಂಚೆಯೇ ತೀರ್ಪು ಕೊಟ್ಟಿರುತ್ತದೆ. ಕೇಳಿದವನು ಸುಳ್ಳು ಹೇಳುತ್ತಾನೆಂದಲ್ಲ, ಅವನ ಅನುಭವ ಪ್ರಾಮಾಣಿಕವೇ. ಅದರ ಕಾರಣ ಮಾತ್ರ ಅವನು ಹಣ ತೆತ್ತ ಪೆಟ್ಟಿಗೆಯೊಳಗಿಲ್ಲ.

ದುಬಾರಿ ಯಂತ್ರದಿಂದ ಪ್ರಯೋಜನವೇ ಇಲ್ಲವೆನ್ನಲಾಗದು. ಕಂಪ್ಯೂಟರಿನಿಂದ ನುಸುಳುವ ಗುಂಯ್‌ಗುಡುವಿಕೆಯನ್ನು ತಡೆಯುವ ರಚನೆ, ಭಾರವಾದ ಹೆಡ್‌ಫೋನಿಗೆ ಬೇಕಾದ ಬಲ, ಹಲವು ಜೋಡಣೆಗಳ ಅನುಕೂಲ ಇವೆಲ್ಲ ಬೆಲೆಗೆ ಅರ್ಹ. ಆದರೆ ಆ ಅರ್ಹತೆ ಕೆಲವು ಸಾವಿರಗಳಲ್ಲೇ ಮುಗಿಯುತ್ತದೆಂದು ನನ್ನ ಮತ.

ನನಗೆ ನಿಜವಾಗಿ ವ್ಯಥೆಯಾಗುವುದು ಬೇರೊಂದು ಕಡೆ. ಗಂಗೂಬಾಯಿಯವರು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹಾಡಿದ ಮುದ್ರಿಕೆಗಳಲ್ಲಿ ಅವರ ಕಂಠವಿನ್ನೂ ತಾರದತ್ತ ಹರಿಯುವಂಥದು. ಗಂಟಲಿನ ಚಿಕಿತ್ಸೆಯ ಬಳಿಕ ಲೋಕವಿಖ್ಯಾತವಾದ ಆ ಗಂಡುದನಿ ಬಂದುದು ಅನಂತರ. ಈ ಎರಡು ಕಂಠಗಳ ನಡುವಿನ ಅಂತರವನ್ನು ಅರಿಯಬೇಕಾದವನಿಗೆ ಗ್ರಾಮಫೋನ್ ತಟ್ಟೆಯ ವೇಗವೇ ಮುಖ್ಯ: ಆ ಕಾಲದ ತಟ್ಟೆಗಳೆಲ್ಲ ನಿಮಿಷಕ್ಕೆ 78 ಸುತ್ತಿನಲ್ಲೇ ಮುದ್ರಿತವಾದುವಲ್ಲ, ಮೂರೇ ಸುತ್ತು ತಪ್ಪಿದರೂ ಗಾಯಕಿಯ ಷಡ್ಜವು ಅರ್ಧಸ್ವರದ ಅರ್ಧಕ್ಕಿಂತ ಹೆಚ್ಚು ಸರಿದುಬಿಡುತ್ತದೆ. ಎಲ್.ಪಿ. ತಟ್ಟೆಗೆಂದು ಮಾಡಿದ ಸಣ್ಣ ಸೂಜಿಯನ್ನು ಆ ಅಗಲವಾದ ಗೆರೆಗೆ ಇಳಿಸಿದರೆ ಸದ್ದು ಹೆಚ್ಚಿ ಸ್ವರ ಕುಗ್ಗುತ್ತದೆ. ಹೀಗೆ ತಪ್ಪಾಗಿ ನಕಲಾದ ಧ್ವನಿಯನ್ನು ಲಕ್ಷ ರೂಪಾಯಿಯ ಡ್ಯಾಕ್ ಅತ್ಯಂತ ನಿಷ್ಠೆಯಿಂದ ತಪ್ಪಾಗಿಯೇ ಕೇಳಿಸುತ್ತದೆ.

ಕುಂದಗೋಳದ ಸವಾಯಿ ಗಂಧರ್ವರ ಮೂರು ನಿಮಿಷದ ಮುದ್ರಿಕೆಗಳೂ, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಿಂದ ರಸಿಕರು ರೇಡಿಯೋದ ಮುಂದೆ ಕುಳಿತು ಟೇಪಿಗೆ ಇಳಿಸಿಕೊಂಡ ಗಾಯನಗಳೂ ಇಂಥ ಎಚ್ಚರವನ್ನೇ ಬೇಡುತ್ತವೆ. ಆದಕಾರಣ ಲಕ್ಷವನ್ನು ತೆರಲು ಸಿದ್ಧನಾದ ರಸಿಕನಿಗೆ ನಾನು ಹೇಳುವುದಿಷ್ಟೆ: ಪರಿವರ್ತಕಕ್ಕೆ ಕೆಲವು ಸಾವಿರ ಸಾಕು, ಮಿಕ್ಕುದರಲ್ಲಿ ಒಳ್ಳೆಯ ಸ್ಪೀಕರುಗಳನ್ನು ಕೊಳ್ಳಲಿ, ಬರಿಗೋಡೆ ಬರಿನೆಲದ ಪಡಸಾಲೆಗೆ ದಪ್ಪ ಪರದೆ, ಜಮಖಾನೆಗಳನ್ನು ಹಾಕಿಸಲಿ, ಮತ್ತು ಮನೆಯ ಟ್ರಂಕಿನಲ್ಲಿ ಅಂಟಾಗುತ್ತಿರುವ ಟೇಪುಗಳಿದ್ದರೆ, ಬಲ್ಲವರ ಕೈಯಿಂದ ಸರಿಯಾದ ವೇಗದಲ್ಲಿ, ಈ ಮಳೆಗಾಲ ಮುಗಿಯುವುದರೊಳಗೆ, ನಕಲು ಮಾಡಿಸಲಿ.