ಹರಕೆ ಕಾಯ್ದ ರಂಗಸ್ಥಳ

ಸಾಯುತ್ತಿದ್ದ ಯಕ್ಷಗಾನವನ್ನು ಶಿವರಾಮ ಕಾರಂತರು ಬದುಕಿಸಿದರು, ಅದರಿಂದಲೇ ಕುಂದಾಪುರ, ಬ್ರಹ್ಮಾವರದ ಸೀಮೆ ಕಲೆಯ ನೆಲವಾಯಿತು ಎಂಬ ಮಾತು ನಮ್ಮ ಸಭೆಗಳಲ್ಲಿ ಪದೇಪದೇ ಕೇಳಿಬರುತ್ತದೆ. ಕೋಟದಲ್ಲಿ ಹುಟ್ಟಿದ ಆ ಹಿರಿಯರ ಮೇಲೆ ನನಗೆ ಅಪಾರ ಗೌರವ. ಆ ಮಾತನ್ನು ಮಾತ್ರ ಒಪ್ಪಲಾರೆ.

ಅವರ ಕೆಲಸ ಸಣ್ಣದಲ್ಲ. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಗದ್ದೆಯ ಆಟಕ್ಕೆ ವಿದ್ವಾಂಸರ ನಡುವೆ ಮಣೆ ಸಿಕ್ಕಿತು. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಅವರು ಕಿರಿದಾಗಿಸಿದರು, ಮಾತು ಬಿಟ್ಟರು, ಪಿಟೀಲು, ಸ್ಯಾಕ್ಸೊಫೋನು ಕೂಡಿಸಿ ಬ್ಯಾಲೆ ಕಟ್ಟಿದರು. ಕನ್ನಡ ಬಾರದವರೂ ಮೆಚ್ಚಿದರು. ಆದರೆ ಅವರ ಕೈಗೆ ಸಿಕ್ಕಿದ ಕುಣಿತ ಎಲ್ಲಿಯದು? ಮೇಳಗಳದು. ಬ್ರಹ್ಮಾವರದ ಆಸುಪಾಸಿನಲ್ಲೇ ಹಾರಾಡಿ, ಮಟಪಾಡಿ ಎಂಬ ಎರಡು ತಿಟ್ಟುಗಳಿದ್ದವು, ಅಂದರೆ ಕುಣಿತದ ಎರಡು ಶೈಲಿಗಳು. ಹಾರಾಡಿ ರಾಮ ಗಾಣಿಗರ ಹೆಜ್ಜೆ, ಮಟಪಾಡಿ ವೀರಭದ್ರ ನಾಯಕರ ಹೆಜ್ಜೆ ಯಾರ ಪುನರುಜ್ಜೀವನಕ್ಕೂ ಕಾದು ಕೂತಿರಲಿಲ್ಲ.

ಆ ಹೆಜ್ಜೆಗೆ ಅನ್ನ ಹಾಕಿದ್ದು ಹರಕೆ. ಮಗುವಿನ ಕಾಯಿಲೆ ವಾಸಿಯಾದರೆ ಆಟ ಆಡಿಸ್ತೇನೆ ಅಂತ ಮಂದಾರ್ತಿ ಅಮ್ಮನಿಗೆ ಹೇಳಿಕೊಂಡ ಮನೆಗಳು, ಮಾರಣಕಟ್ಟೆಯ ಬ್ರಹ್ಮಲಿಂಗನಿಗೆ ಹೇಳಿಕೊಂಡ ಮನೆಗಳು. ಮಂದಾರ್ತಿಯದೇ ಐದು ಮೇಳ, ಆದರೂ ಸರದಿಗೆ ವರ್ಷಗಟ್ಟಲೆ ಕಾಯಬೇಕು. ಆಟ ಆಡಿಸಿದ ಮನೆಯ ಅಂಗಳಕ್ಕೆ ಊರೇ ಬರುತ್ತದೆ, ಟಿಕೆಟ್ ಇಲ್ಲ. ನವರಾತ್ರಿಯಲ್ಲಿ ಹೂವಿನಕೋಲು ಹಿಡಿದು ಮನೆಮನೆಗೆ ಹೋಗಿ ಪ್ರಸಂಗದ ಮಾತು, ಅಂದರೆ ಅರ್ಥ, ಹೇಳಿದ ಮಕ್ಕಳೇ ಮುಂದೆ ಆ ಅಂಗಳದಲ್ಲಿ ಕೂತು ಭಾಗವತನ ತಾಳ ತಪ್ಪಿದರೆ ಮುಖ ತಿರುಗಿಸುತ್ತಿದ್ದವರು. ಅಂಥ ಕಿವಿಯನ್ನು ಯಾವ ತರಬೇತಿ ಕೇಂದ್ರವೂ ತಯಾರು ಮಾಡಲಾರದು.

ಶಾಸ್ತ್ರೀಯತೆಯವರು ಹಳಿಯುವ, ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳ ಪರವಾಗಿಯೂ ಹೇಳಬೇಕು. 1990ರಲ್ಲಿ ಅಕಾಲದಲ್ಲಿ ತೀರಿಕೊಂಡ ಭಾಗವತ ಗುಂಡ್ಮಿ ಕಾಳಿಂಗ ನಾವಡರ ‘ನಾಗಶ್ರೀ’ ಪ್ರಸಂಗ ಪುರಾಣದ ಕತೆಯಲ್ಲ. ಆದರೆ ಅವರ ಕಂಠಕ್ಕಾಗಿಯೇ ಟಿಕೆಟ್ ಕೊಂಡ ಒಂದು ತಲೆಮಾರು ಇಡೀ ರಾತ್ರಿ ಬಡಗುತಿಟ್ಟಿನ ಹಾಡು ಕೇಳಿತು. ಅದನ್ನು ಕೆಡುಕು ಎನ್ನಲು ನನಗೆ ಮನಸ್ಸಿಲ್ಲ.

ಕಾರಂತರು ಕೈಬಿಟ್ಟದ್ದು ಮಾತು. ಆ ಕೊರತೆ ನನ್ನನ್ನು ಕಾಡುತ್ತದೆ. ಅರ್ಥವಿಲ್ಲದ ಕೃಷ್ಣ ನನಗೆ ಅರ್ಧ ಕೃಷ್ಣ. ಈಗ ಹರಕೆಯಾಟವೂ ಕಾಲಮಿತಿಗೆ ಸರಿಯುತ್ತಿದೆ. ಮೊದಲು ಕತ್ತರಿ ಬೀಳುವುದು ವೇಷಗಳು ರಂಗಕ್ಕೆ ಬರುವ ಒಡ್ಡೋಲಗಕ್ಕೆ. ಹಾರಾಡಿ ಯಾವುದು, ಮಟಪಾಡಿ ಯಾವುದು ಎಂದು ನೋಡುವವನಿಗೆ ತಿಳಿಯುತ್ತಿದ್ದುದು ಅಲ್ಲಿ.