ಊಟದ ಹೊತ್ತಿಗೆ ಮುಗಿದ ಆಡಿಟ್

ನವಿ ಮುಂಬೈಯ ಐರೋಲಿಯಿಂದ ರಬಾಳೆಯ ಕಡೆಗೆ ಎಂಐಡಿಸಿ ರಸ್ತೆಯಲ್ಲಿ ನಡೆದರೆ ಗಾಳಾಗಳ, ಅಂದರೆ ಸಣ್ಣ ಕಾರ್ಖಾನೆಗಳ, ಬೋರ್ಡುಗಳಲ್ಲಿ ಕಂಪನಿ ಹೆಸರಿನ ಕೆಳಗೆ ಐಎಸ್‌ಒ 9001 ಎಂಬ ಸಾಲು ಕಾಣುತ್ತದೆ. ಆ ಸರ್ಟಿಫಿಕೇಟನ್ನು ಕೊಟ್ಟದ್ದು ಐಎಸ್‌ಒ ಅಲ್ಲ. ಜಿನೀವಾದ ಆ ಸಂಸ್ಥೆ ಮಾನದಂಡ ಬರೆಯುತ್ತದೆ, ಅಷ್ಟೇ. ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡುವವರು ಬೇರೆ, ಅವರನ್ನೇ ತಪಾಸಣೆ ಮಾಡುವವರು ಇನ್ನೂ ಬೇರೆ. ನಮ್ಮಲ್ಲಿ ಈ ಕೊನೆಯ ಕೆಲಸ ಎನ್‌ಎಬಿಸಿಬಿಯದು. ಅದು 1997ರಲ್ಲಿ ಶುರುವಾದ ಭಾರತೀಯ ಗುಣಮಟ್ಟ ಮಂಡಳಿಯ ಅಂಗ. ಆದರೆ ಐಎಸ್‌ಒ 9001 ಸರ್ಟಿಫಿಕೇಟ್ ಕೊಡುವವರೆಲ್ಲ ಅದರ ಮಾನ್ಯತೆ ಪಡೆಯಲೇಬೇಕು ಎಂಬ ಕಾನೂನಿಲ್ಲ. ತೊಂದರೆ ಹುಟ್ಟುವುದು ಇಲ್ಲೇ.

ನಾನು ಕ್ವಾಲಿಟಿ ನೋಡಿಕೊಳ್ಳುತ್ತಿದ್ದ ಯೂನಿಟ್‌ನಲ್ಲಿ 30 ಜನರಿದ್ದೆವು. ಮ್ಯಾನುಯಲ್ ಬರೆದುಕೊಟ್ಟ ಕನ್ಸಲ್ಟೆಂಟೇ ಆಡಿಟರನ್ನೂ ಕರೆತಂದ. ಇಬ್ಬರದೂ ಒಂದೇ ಆಫೀಸು ಎಂದು ಆಮೇಲೆ ಗೊತ್ತಾಯಿತು. ಬೆಳಿಗ್ಗೆ ಹತ್ತಕ್ಕೆ ಬಂದವರು ಫೈಲು ತಿರುವಿ ಊಟದ ಹೊತ್ತಿಗೆ ಎದ್ದರು. ಶಾಪ್‌ಫ್ಲೋರಿಗೆ ಇಳಿಯಲೇ ಇಲ್ಲ. ಇಳಿದಿದ್ದರೆ ಲೇತ್ ಪಕ್ಕದ ಟ್ರೇನಲ್ಲಿದ್ದ ವರ್ನಿಯರ್ ಕಾಣುತ್ತಿತ್ತು. ಅದರ ಕ್ಯಾಲಿಬ್ರೇಷನ್ ಸ್ಟಿಕರ್‌ನ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಅದರಿಂದಲೇ ಅಳೆದು ಕಳಿಸಿದ ಬುಷ್‌ಗಳ ಒಂದು ಲಾಟು ವಾಪಸ್ ಬಂದ ದಿನ ಗೋಡೆಯ ಮೇಲಿನ ಸರ್ಟಿಫಿಕೇಟ್ ಕಡೆ ನೋಡಲು ನನಗೆ ಮುಖವಿರಲಿಲ್ಲ.

ಮಾನ್ಯತೆ ಪಡೆದ ಸಂಸ್ಥೆಗಳಿಗೆ ಇದಕ್ಕೆಲ್ಲ ಕಟ್ಟುಪಾಡಿದೆ. ಮಾನ್ಯತೆ ಕೊಡುವ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಎಫ್‌ನ ಎಂಡಿ 5 ದಾಖಲೆಯ ಪ್ರಕಾರ 26ರಿಂದ 45 ಜನರ ಯೂನಿಟ್‌ನ ಮೊದಲ ಆಡಿಟ್‌ಗೆ ನಾಲ್ಕು ದಿನ ಬೇಕು. ಕಾರಣ ಬರೆದಿಟ್ಟು ಕಡಿಮೆ ಮಾಡಿದರೂ ಶೇಕಡಾ 30ಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ಐಎಸ್‌ಒ/ಐಇಸಿ 17021-1 ಮಾನದಂಡದ ಪ್ರಕಾರ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಕನ್ಸಲ್ಟೆನ್ಸಿ ಮಾಡುವಂತಿಲ್ಲ, ಸಲಹೆ ಕೊಟ್ಟ ವ್ಯಕ್ತಿ ಎರಡು ವರ್ಷ ಆ ಗ್ರಾಹಕನ ಆಡಿಟ್‌ಗೆ ಕೂರುವಂತಿಲ್ಲ. ತಾನೇ ಬರೆದ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಬಾರದು ಎಂಬ ಸರಳ ನ್ಯಾಯ ಇದು.

ಈ ಮಾನದಂಡದಲ್ಲಿ ನನಗೆ ತುಂಬ ಹಿಡಿಸಿದ್ದು ಅದರ ಪ್ರಾಮಾಣಿಕತೆ. ಆಡಿಟ್ ಮಾಡಿಸಿಕೊಳ್ಳುವವನೇ ಫೀಸು ಕೊಡುತ್ತಾನೆ, ಅದರಿಂದ ನಿಷ್ಪಕ್ಷಪಾತಕ್ಕೆ ಅಪಾಯವಿದೆ ಎಂದು ಅದು ಒಪ್ಪಿಕೊಳ್ಳುತ್ತದೆ. ಹಿಡಿಸದ್ದೂ ಒಂದಿದೆ. ನಿಷ್ಪಕ್ಷಪಾತ ಕಾಯಲು ಪ್ರತ್ಯೇಕ ಸಮಿತಿ ಇರಲೇಬೇಕೆಂದು ಹಿಂದಿನ ಆವೃತ್ತಿ ಹೇಳುತ್ತಿತ್ತು. 2015ರ ಆವೃತ್ತಿಯಲ್ಲಿ ಸಮಿತಿ ಹಲವು ದಾರಿಗಳಲ್ಲಿ ಒಂದಾಯಿತು. ಹೊರಗಿನವರು ಎದುರು ಕೂತು ಪ್ರಶ್ನೆ ಕೇಳುವ ಜಾಗವನ್ನು ಸಡಿಲ ಬಿಟ್ಟದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ಮಾನ್ಯತೆಯೊಂದೇ ಸಾಕು ಎನ್ನುವವರು ಕರಾಚಿಯನ್ನು ನೆನೆಯಬೇಕು. 2012ರ ಸೆಪ್ಟೆಂಬರ್ 11ರಂದು ಅಲ್ಲಿನ ಅಲಿ ಎಂಟರ್‌ಪ್ರೈಸಸ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಕೆಲವೇ ವಾರಗಳ ಹಿಂದೆ ಅದಕ್ಕೆ ಕೆಲಸಗಾರರ ಸ್ಥಿತಿಗತಿ ಕುರಿತ ಎಸ್‌ಎ 8000 ಸರ್ಟಿಫಿಕೇಟ್ ಸಿಕ್ಕಿತ್ತು. ಕೊಟ್ಟದ್ದು ಮಾನ್ಯತೆ ಪಡೆದಿದ್ದ ಇಟಲಿಯ ಸಂಸ್ಥೆ; ಸ್ಥಳ ನೋಡುವ ಕೆಲಸವನ್ನು ಅದು ಸ್ಥಳೀಯರಿಗೆ ವಹಿಸಿತ್ತು. ಕಿಟಕಿಗೆ ಕಬ್ಬಿಣದ ಸರಳು, ಬಾಗಿಲಿಗೆ ಬೀಗ. ಕಣ್ಣಾರೆ ನೋಡಬೇಕಾದವರ ಬೆನ್ನಿಗೆ ಇನ್ನೊಂದು ಜೊತೆ ಕಣ್ಣು ಇರಲಿಲ್ಲ.

ಆ ಇನ್ನೊಂದು ಜೊತೆ ಕಣ್ಣನ್ನು ನಾನು ಒಮ್ಮೆ ನೋಡಿದ್ದೇನೆ. ಹಳೆಯ ಸರ್ಟಿಫಿಕೇಟ್ ಬಿಟ್ಟು, ಮಾಲೀಕರನ್ನು ಒಪ್ಪಿಸಿ, ಮಾನ್ಯತೆ ಇರುವ ಸಂಸ್ಥೆಗೆ ಹೋದ ಎರಡನೇ ವರ್ಷ. ಆಡಿಟರ್ ಜೊತೆ ಎನ್‌ಎಬಿಸಿಬಿಯ ಪರಿಶೀಲಕರೂ ಬಂದಿದ್ದರು. ನಮ್ಮನ್ನು ಏನೂ ಕೇಳಲಿಲ್ಲ. ಆಡಿಟರ್ ಏನು ಕೇಳುತ್ತಾರೆ, ಏನನ್ನು ಬಿಡುತ್ತಾರೆ ಎಂದು ಎರಡು ಹೆಜ್ಜೆ ಹಿಂದೆ ನಿಂತು ಬರೆದುಕೊಳ್ಳುತ್ತಿದ್ದರು. ಆಡಿಟರ್ ಆಫೀಸಿನಲ್ಲಿ ಕೂರದೆ ನೇರ ಲೇತ್ ಹತ್ತಿರ ಹೋದರು. ವರ್ನಿಯರ್ ಎತ್ತಿ, ಎಣ್ಣೆ ಒರೆಸಿ, ಸ್ಟಿಕರ್ ಓದಿದರು. ತಾರೀಖು ಸರಿಯಿತ್ತು. ಆಮೇಲೆ ಅದರ ಎರಡು ದವಡೆ ಕೂಡಿಸಿ ಬೆಳಕಿಗೆ ಹಿಡಿದರು. ನಡುವೆ ಕೂದಲೆಳೆಯಷ್ಟು ಬೆಳಕು ನುಸುಳಿತು. ನಾನ್‌ಕನ್ಫರ್ಮಿಟಿ ಬರೆದರು, ನಾನು ಸಹಿ ಹಾಕಿದೆ.