ಗಂಡನ ಮೌನಕ್ಕೆ ಒಂದು ಟಿಕ್ ಮಾರ್ಕ್

ಹೋದ ವರ್ಷ ನಾನೂ ನನ್ನ ಗಂಡನೂ ಒಬ್ಬರು ಮ್ಯಾರೇಜ್ ಕೌನ್ಸೆಲರ್ ಹತ್ತಿರ ಹೋಗಿದ್ವಿ. ನಲವತ್ತು ನಿಮಿಷ ಮಾತಾಡಿಸಿ, ಒಂದು ಚಾರ್ಟ್ ತೆಗೆದು ಮುಂದಿಟ್ಟರು. ಸಂಸಾರ ಕೆಡಿಸುವ ನಾಲ್ಕು ಚಟಗಳು: ವ್ಯಕ್ತಿಯನ್ನೇ ದೂರುವುದು, ತಿರಸ್ಕಾರ, ಸದಾ ಸಮರ್ಥನೆ, ಗೋಡೆಯ ಹಾಗೆ ಸುಮ್ಮನಾಗುವುದು. ನಾಲ್ಕನೆಯದಕ್ಕೆ ಟಿಕ್ ಹಾಕಿ ನನ್ನ ಗಂಡನ ಕಡೆ ನೋಡಿದರು. ನನಗೆ ಒಳಗೊಳಗೇ ಖುಷಿ. ಆಮೇಲೆ ಒಂದು ತಿಂಗಳು, ಜಗಳ ಬಂದಾಗೆಲ್ಲ ‘ನೋಡು, ಮತ್ತೆ ಸ್ಟೋನ್‌ವಾಲಿಂಗ್’ ಅಂತ ಚುಚ್ಚಿದ್ದೇ ಚುಚ್ಚಿದ್ದು.

ಒಂದು ರಾತ್ರಿ ಅವನು ಮೆಲ್ಲಗೆ ಹೇಳಿದ: “ಅಮ್ಮ ಪಕ್ಕದ ರೂಮಲ್ಲೇ ಇದ್ದಾಳೆ ಕಣೇ. ಮಾತು ಬೆಳೆದ್ರೆ ಎಲ್ಲಾ ಕೇಳಿಸುತ್ತೆ. ಅದಕ್ಕೇ ಸುಮ್ನಿರ್ತೀನಿ.”

ಕೌನ್ಸೆಲರ್ ಇದನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ಚಾರ್ಟ್‌ನ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್. ಅವರು ನ್ಯಾನ್ ಸಿಲ್ವರ್ ಜೊತೆ 1999ರಲ್ಲಿ ಬರೆದ ‘ದಿ ಸೆವೆನ್ ಪ್ರಿನ್ಸಿಪಲ್ಸ್ ಫಾರ್ ಮೇಕಿಂಗ್ ಮ್ಯಾರೇಜ್ ವರ್ಕ್’ ಪುಸ್ತಕವನ್ನು ಕೊನೆಗೂ ಓದಿದೆ. ಚಾರ್ಟ್‌ಗಿಂತ ಪುಸ್ತಕ ಎಷ್ಟೋ ವಾಸಿ. ಸಿಯಾಟಲ್‌ನ ಒಂದು ಅಪಾರ್ಟ್‌ಮೆಂಟಿನಂಥ ಲ್ಯಾಬ್‌ನಲ್ಲಿ ಜೋಡಿಗಳನ್ನು ಕೂರಿಸಿ, ಕ್ಯಾಮೆರಾ ಇಟ್ಟು, ಎದೆಬಡಿತ ಅಳೆದು ಕಂಡುಕೊಂಡ ವಿಷಯಗಳಿವೆ. ಗಂಡಹೆಂಡಿರ ಜಗಳಗಳಲ್ಲಿ ಶೇ. 69 ಯಾವತ್ತೂ ಬಗೆಹರಿಯುವಂಥವಲ್ಲ, ಸುಖವಾಗಿರುವವರೂ ಅವುಗಳ ಜೊತೆಗೇ ಬದುಕುತ್ತಾರೆ ಅನ್ನುತ್ತಾರೆ ಗಾಟ್‌ಮನ್. ಓದಿ ಎಷ್ಟು ಹಗುರಾಯಿತು ಅಂತೀರಿ! ಸುಮ್ಮನಾಗುವವನ ಮೈಯೊಳಗೆ ಎದೆ ಡವಡವ ಅಂತಿರುತ್ತದೆ, ಆಗ ಕನಿಷ್ಠ 20 ನಿಮಿಷ ಬಿಡುವು ಕೊಡಿ ಅಂತಲೂ ಇದೆ. ನಮಗೆ ಟಿಕ್ ಸಿಕ್ಕಿತು, ಈ 20 ನಿಮಿಷ ಸಿಗಲಿಲ್ಲ.

ಆದರೆ ಪುಸ್ತಕದ ದೊಡ್ಡ ಹೆಮ್ಮೆಯೇ ಅದರ ದುರ್ಬಲ ಜಾಗ. ಕೆಲವೇ ನಿಮಿಷ ನೋಡಿ ಡಿವೋರ್ಸ್ ಆಗುತ್ತದೋ ಇಲ್ಲವೋ ಅಂತ ಶೇ. 91ರಷ್ಟು ಸರಿಯಾಗಿ ಹೇಳಬಲ್ಲೆ ಅನ್ನುತ್ತಾರೆ. ಯಾರು ಬೇರೆಯಾದರು ಅಂತ ಗೊತ್ತಾದ ಮೇಲೆ ಕಟ್ಟಿದ ಸೂತ್ರವನ್ನು ಅದೇ ಜೋಡಿಗಳ ಮೇಲೆ ಒರೆಗೆ ಹಚ್ಚಿದರೆ ಅದು ಭವಿಷ್ಯ ಹೇಗಾಗುತ್ತದೆ? ನಿಮ್ಮಲ್ಲಿ ಅರ್ಧ ಜನ ಐಟಿಯವರು, ಟ್ರೈನಿಂಗ್ ಡೇಟಾ ಮೇಲೇ ಟೆಸ್ಟ್ ಮಾಡಿ ಆಕ್ಯುರೆಸಿ ತೋರಿಸಿದರೆ ಮ್ಯಾನೇಜರ್ ಏನಂತಾರೆ ಗೊತ್ತಲ್ಲ. ರಿಚರ್ಡ್ ಹೇಮನ್ ಮತ್ತು ಏಮಿ ಸ್ಲೆಪ್ 2001ರಲ್ಲೇ ಇದನ್ನು ತೋರಿಸಿದ್ದಾರೆ: ಇಂಥ ಸೂತ್ರವನ್ನು ಬೇರೆ ಜೋಡಿಗಳಿಗೆ ಹಚ್ಚಿದಾಗ ಅದರ ನಿಖರತೆ ಧಡ್ ಅಂತ ಬೀಳುತ್ತದೆ.

ಇನ್ನೊಂದು ಕೊರತೆ. ಆ ಲ್ಯಾಬ್‌ನಲ್ಲಿ ಜಗಳಕ್ಕೆ ಕೂತವರು ಇಬ್ಬರೇ. ನಮ್ಮ ಟೂ ಬಿಎಚ್‌ಕೆಯಲ್ಲಿ ಅತ್ತೆ ಇದ್ದಾರೆ, ಫೋನಿನಲ್ಲಿ ನಮ್ಮಮ್ಮ ಇದ್ದಾರೆ, ಇಎಂಐ ಇದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಕ್ಕೆಂದೇ ಫ್ಯಾಮಿಲಿ ಸೈಕಿಯಾಟ್ರಿ ಕೇಂದ್ರವಿದೆ. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ರೋಗಿಯ ಮನೆಯವರನ್ನೂ ಟೆಂಟ್ ಹಾಕಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಸೇರಿಸಿಕೊಂಡಿದ್ದರು. ಮನೆಯವರೆಲ್ಲರನ್ನೂ ಲೆಕ್ಕಕ್ಕೆ ತಗೊಳ್ಳುವ ಬುದ್ಧಿ ನಮ್ಮಲ್ಲೂ ಹಳೆಯದೇ.

ಸಂಶೋಧನೆಗಿಂತ ನನಗೆ ಚಿಂತೆ ತರಬೇತಿಯದು. ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸದ ಲೈಸೆನ್ಸ್ ಬೇಕಿದ್ದರೆ, ಡಿಗ್ರಿ ಜೊತೆಗೆ ಅನುಭವಿಗಳ ಮೇಲ್ವಿಚಾರಣೆಯಲ್ಲಿ 3000 ಗಂಟೆ ಕೆಲಸ ಮಾಡಿರಬೇಕು. ಕಲಿಯುವವರು ಮಾತಾಡಿಸುವಾಗ ಕನ್ನಡಿಯ ಆಚೆ ಕೂತು ಗುರುಗಳು ನೋಡುವ ಪದ್ಧತಿಯೂ ಈ ಶಿಕ್ಷಣದಲ್ಲಿದೆ. ನಾವು ಕಂಡವರ ಗೋಡೆಯ ಮೇಲೆ ಇದ್ದದ್ದು ವಾರಾಂತ್ಯದ ಕೋರ್ಸಿನ ಸರ್ಟಿಫಿಕೇಟ್. ಅವರು ಕೆಟ್ಟವರೇನಲ್ಲ. ಅವರು ಟಿಕ್ ಹಾಕಿದಾಗ ‘ಸ್ವಲ್ಪ ತಡಿ, ಯಾಕೆ ಸುಮ್ಮನಿರ್ತಾನೆ ಅಂತ ಮೊದಲು ಕೇಳು’ ಅಂತ ಹೇಳುವವರು ಅವರ ಹಿಂದೆ ಯಾರೂ ಇರಲಿಲ್ಲ, ಅಷ್ಟೇ.

ಹಾಗಂತ ಹೋಗಲೇಬೇಡಿ ಅನ್ನಲ್ಲ. ಹೋಗಿ, ಆದರೆ ಫೀಸ್ ಕೇಳುವ ಮುಂಚೆ ಇದನ್ನು ಕೇಳಿ: ಎಲ್ಲಿ ಕಲಿತಿರಿ, ಯಾರ ಕೈಕೆಳಗೆ, ಎಷ್ಟು ದಿನ?

ನಾವೀಗ ಜಗಳ ಶುರುವಾದರೆ 20 ನಿಮಿಷ ಬಿಟ್ಟು ಟೆರೇಸ್‌ಗೆ ಹೋಗ್ತೀವಿ. ಅಲ್ಲಿ ಅವನು ಮಾತಾಡ್ತಾನೆ. ಅತ್ತೆಗೆ ಕೇಳಿಸಲ್ಲ.